ಹೊಲ ಯಾರದು ಅಂತಲ್ಲ, ರಾಶಿ ಯಾರದು ಅಂತ ಕೇಳಿ

ಹೋದ ಸಂಚಿಕೆಯಲ್ಲಿ ಪಾಳೆಗಾರರ ಬಗ್ಗೆ ಬರೆಯುವಾಗ "ಆಗ ಹೊಲ ಯಾರ ಹೆಸರಿನಲ್ಲೂ ಇರಲಿಲ್ಲ" ಎಂದು ಒಂದು ಸಾಲು ಸುಮ್ನೆ ಸೇರಿಸಿಬಿಟ್ಟಿದ್ದೆ. ಅದೊಂದು ಸಾಲಿಗೆ ಇಷ್ಟು ಪತ್ರ ಬಂದಿವೆ. ಕೆಲವರು ಬೈದಿದ್ದಾರೆ, ಒಬ್ಬರು ತಮ್ಮ ಮುತ್ತಜ್ಜನ ಕಾಲದ ಕಂದಾಯ ರಸೀದಿಯ ಫೋಟೋ ಕಳಿಸಿ "ಇದೇನು ಹಾಗಾದ್ರೆ?" ಎಂದು ಕೇಳಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಬರೀ ಹೊಲದ ಮಾತು.

ಮೇಷ್ಟ್ರೇ, ಹೊಲ ಯಾರ ಹೆಸರಿನಲ್ಲೂ ಇರಲಿಲ್ಲ ಅಂದ್ರೆ ಏನರ್ಥ? ನಮ್ಮ ಹಿರಿಯರು ಏಳು ತಲೆಯಿಂದ ಉತ್ತಿದ್ದು ಸುಳ್ಳಾ?
— ರೈತರೊಬ್ಬರು, ಹೊಳಲ್ಕೆರೆ

ಸುಳ್ಳಲ್ಲ ಅಣ್ಣಾ. ನಾನು ಬರೆದದ್ದು ಅರೆಬರೆ ಆಯ್ತು. ಯಾರ ಹೆಸರಿನಲ್ಲೂ ಇರಲಿಲ್ಲ ಅನ್ನುವ ಬದಲು ಒಂದೇ ಹೊಲ ನಾಲ್ಕೈದು ಜನರದ್ದಾಗಿತ್ತು ಅಂದಿದ್ದರೆ ಸರಿಹೋಗುತ್ತಿತ್ತು. ಈಗ ಪಹಣಿ ತೆಗೆದರೆ ಒಂದು ಹೆಸರು ಕಾಣುತ್ತದೆ, ಜಂಟಿಯಾದರೆ ಎರಡು ಮೂರು. ಆ ಹೆಸರಿನವರು ಮಾರಬಹುದು, ಅಡ ಇಡಬಹುದು, ಬೀಳು ಬಿಡಬಹುದು. ಆಗ ಹೊಲದ ಮೇಲಿನ ಹಕ್ಕು ಹೀಗೆ ಒಂದೇ ಗಂಟಾಗಿರಲಿಲ್ಲ. ಒಬ್ಬನಿಗೆ ಉಳುವ ಹಕ್ಕು, ಇನ್ನೊಬ್ಬನಿಗೆ ಬೆಳೆಯಲ್ಲಿ ಪಾಲು ಎತ್ತುವ ಹಕ್ಕು, ಮತ್ತೊಬ್ಬನಿಗೆ ಆ ಪಾಲನ್ನು ಯಾರಿಗಾದರೂ ಬಿಟ್ಟುಕೊಡುವ ಹಕ್ಕು.

ನಿಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. 1565ರಲ್ಲಿ ತಾಳಿಕೋಟೆ ಯುದ್ಧ ಆಯ್ತು. ಅದಾಗಿ ಸ್ವಲ್ಪ ದಿನಕ್ಕೆ, 1568ರ ಸುಮಾರಿಗೆ, ತಿಮ್ಮಣ್ಣ ನಾಯಕ ವಿಜಯನಗರದ ಕೈಕೆಳಗೆ ಚಿತ್ರದುರ್ಗದ ನಾಯಕನಾದ. ಸೀಮೆ ಸಿಕ್ಕಿತು ಅಂದ ಮಾತ್ರಕ್ಕೆ ಅಲ್ಲಿನ ಹೊಲಗಳೆಲ್ಲ ಅವನ ಖಾಸಾ ಆಸ್ತಿ ಆಗಲಿಲ್ಲ. ಆ ಸೀಮೆಯ ಹುಟ್ಟುವಳಿ ಎತ್ತಿಕೊಳ್ಳುವುದು, ಅದರಲ್ಲಿ ಇಷ್ಟು ದಂಡು ಸಾಕುವುದು, ಕರೆದಾಗ ದಂಡಿನ ಸಮೇತ ಹೋಗುವುದು, ವರ್ಷಕ್ಕೆ ಇಷ್ಟು ಕಾಣಿಕೆ ಕಟ್ಟುವುದು. ಕರಾರು ಇಷ್ಟೇ. ಈ ಲೆಕ್ಕಕ್ಕೆ ಅಮರ ಎನ್ನುತ್ತಿದ್ದರು, ಹಿಡಿದವನು ಅಮರನಾಯಕ. ಮೇಲಿನವನು ಮುನಿದರೆ ಕಿತ್ತುಕೊಳ್ಳುತ್ತಿದ್ದ, ಮೇಲಿನವನೇ ಸೊರಗಿದರೆ ನಾಯಕ ತಾನೇ ರಾಜನಾಗುತ್ತಿದ್ದ. ದುರ್ಗದಲ್ಲಿ ಆದದ್ದು ಎರಡನೆಯದು. ನಾಯಕನು ತನ್ನ ಕೆಳಗಿನವರಿಗೆ ಹೀಗೆಯೇ ಊರುಗಳನ್ನು ಬಿಟ್ಟುಕೊಡುತ್ತಿದ್ದ, ಊರಲ್ಲಿ ಗೌಡ ಮತ್ತು ಶಾನುಭೋಗ ಅದನ್ನು ಎತ್ತಿಕೊಡುತ್ತಿದ್ದರು, ಅವರ ಕೆಳಗೆ ನಿಮ್ಮ ಹಿರಿಯರು, ಅವರ ಕೆಳಗೆ ಆಳು.

1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಎಂಬಾತ ಇದನ್ನು ಬರೆದಿಟ್ಟಿದ್ದಾನೆ. ನೆಲವೆಲ್ಲ ರಾಜನದು, ರಾಜನ ಕೈಯಿಂದ ನಾಯಕರು ಹಿಡಿದಿದ್ದಾರೆ, ಅವರು ರೈತರಿಗೆ ಕೊಡುತ್ತಾರೆ, ರೈತರು ಹತ್ತರಲ್ಲಿ ಒಂಬತ್ತು ಪಾಲು ತಿರುಗಿ ಕೊಡುತ್ತಾರೆ ಎನ್ನುತ್ತಾನೆ. ಒಂಬತ್ತು ಪಾಲು ಕೊಟ್ಟು ಉಳಿದ ಒಂದರಲ್ಲಿ ಬಿತ್ತನೆ ಕಾಳು ತೆಗೆದಿಟ್ಟು ಮನುಷ್ಯ ಬದುಕೋದು ಹೇಗೆ? ಕುದುರೆ ಮಾರಲು ಬಂದವನು ಯಾರದೋ ಬಾಯಲ್ಲಿ ಕೇಳಿ ಬರೆದದ್ದು ಅಂತ ನನಗನಿಸುತ್ತದೆ. ಆದರೆ ಯಾರ ಕೈಯಿಂದ ಯಾರ ಕೈಗೆ ಅನ್ನುವ ಸರಪಳಿಯನ್ನು ಸರಿಯಾಗಿ ಹಿಡಿದಿದ್ದಾನೆ.

ರಸೀದಿಯ ಫೋಟೋ ಕಳಿಸಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಮೈಸೂರು ಸೀಮೆಯಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ. ಸರಪಳಿ ಎಳೆದು, ಕಲ್ಲು ನೆಟ್ಟು, ಸರ್ವೆ ನಂಬರು ಕೊಟ್ಟು, ನಂಬರಿಗೊಬ್ಬ ಖಾತೆದಾರ ಎಂದು ಬರೆದುಕೊಂಡದ್ದು ಅದರ ನಂತರ. 33 ಅಡಿ ಉದ್ದದ ಆ ಸರಪಳಿ ಒಂದು ಉದ್ದ, ಒಂದು ಅಗಲ ಹಾಕಿದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ನಾವು ಇವತ್ತು ಬದುವಿಗಾಗಿ ಹೊಡೆದಾಡುವ ಗುಂಟೆ ಆ ಸರಪಳಿಯದು. ನಿಮ್ಮ ರಸೀದಿ ಅದರ ಈಚಿನದು, ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು.

ಬಿ.ಎ. ಪುಸ್ತಕದಲ್ಲಿ ಯೂರೋಪಿನ ಊಳಿಗಮಾನ್ಯ ಪದ್ಧತಿ ಓದುತ್ತಿದ್ದೇವೆ. ನಮ್ಮ ಪಾಳೆಗಾರಿಕೆಯೂ ಅದೇನಾ ಸರ್? ಪರೀಕ್ಷೆಗೆ ಬೇಕು, ಸ್ವಲ್ಪ ಬೇಗ ಉತ್ತರಿಸಿ.
— ವಿದ್ಯಾರ್ಥಿನಿ, ದಾವಣಗೆರೆ

ಬೇಗ ಆಗಲಿಲ್ಲ ತಂಗಿ, ಪರೀಕ್ಷೆ ಮುಗಿದಿರಬೇಕು. ಆದರೂ ಕೇಳು.

ಮೊದಲು ಆ ಪದವನ್ನೇ ನೋಡು. ಊಳಿಗ ಅಂದ್ರೆ ಸೇವೆ, ಚಾಕರಿ. ಮಾನ್ಯ ಅಂದ್ರೆ ಕಂದಾಯ ಬಿಟ್ಟುಕೊಟ್ಟ ಹೊಲ. ಊಳಿಗಕ್ಕಾಗಿ ಬಿಟ್ಟ ಮಾನ್ಯ. ಯೂರೋಪಿನದಕ್ಕೆ ಕನ್ನಡದಲ್ಲಿ ಹೆಸರು ಕೊಟ್ಟವರು ಯಾರೋ, ನಮ್ಮ ಊರ ಲೆಕ್ಕದ ಪುಸ್ತಕದಲ್ಲಿದ್ದ ಎರಡು ಪದ ಸೇರಿಸಿ ಕೊಟ್ಟಿದ್ದಾರೆ. ಅಂದಮೇಲೆ ಹೋಲಿಕೆ ಇದ್ದೇ ಇದೆ. ಕತ್ತಿ ಹಿಡಿದವನಿಗೆ ನೆಲ ಬಿಡುವುದು ನಮ್ಮಲ್ಲಿ ಎಷ್ಟು ಹಳೆಯದು ಎಂದರೆ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಹೇಳುವುದೇ ಅದನ್ನು. ಯುದ್ಧದಲ್ಲಿ ಹೋರಾಡಿದ ವಿಜಅರಸನಿಗೆ ಎರಡು ಹಳ್ಳಿಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟರಂತೆ. ಬಾಳು ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆಯುವುದು. ಕತ್ತಿ ತೊಳೆದು ಕೊಟ್ಟ ದತ್ತಿ. ಕನ್ನಡದ ಅಷ್ಟು ಹಳೆಯ ಕಲ್ಲಿನ ಮೇಲೆ ಇರುವುದು ಹೊಲದ ಮಾತು, ಅಲ್ವಾ?

ಈಗ ಯೂರೋಪಿಗೆ ಬಾ. ಇಂಗ್ಲೆಂಡಿನ ಒಂದು ಹಳ್ಳಿ ಅಂದುಕೋ, ಏಳೆಂಟು ನೂರು ವರ್ಷದ ಹಿಂದೆ. ಊರ ಹೊಲವೆಲ್ಲ ಮೂರು ದೊಡ್ಡ ಬಯಲು. ಒಂದರಲ್ಲಿ ಚಳಿಗಾಲಕ್ಕೆ ಮೊದಲು ಬಿತ್ತಿದ ಗೋಧಿ, ಇನ್ನೊಂದರಲ್ಲಿ ಆಮೇಲೆ ಬಿತ್ತಿದ ಬಾರ್ಲಿಯೋ ಬಟಾಣಿಯೋ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ಪ್ರತಿ ಬಯಲಿನಲ್ಲೂ ಉದ್ದುದ್ದ ಪಟ್ಟೆಗಳು, ಒಂದೊಂದು ಮನೆಯವರ ಪಟ್ಟೆ ಮೂರು ಕಡೆಯೂ ಚದುರಿರುತ್ತಿತ್ತು. ಇದರ ಜೊತೆಗೆ ದಣಿಯ ಸ್ವಂತ ಹೊಲ ಬೇರೆ. ಅದನ್ನು ಗೇಯುವವರು ಯಾರು? ಇದೇ ಪಟ್ಟೆಯವರು. ವಾರಕ್ಕೆ ಮೂರು ದಿನ ಅಲ್ಲಿ ಕೂಲಿಯಿಲ್ಲದೆ ದುಡಿಯಬೇಕು, ಸುಗ್ಗಿ ಬಂದರೆ ಇನ್ನೂ ಜಾಸ್ತಿ. ತನ್ನ ಹೊಲದ ಪೈರು ಒಣಗಿ ಉದುರುತ್ತಿದ್ದರೂ ಮೊದಲು ದಣಿಯದು ಕೊಯ್ದಾಗಬೇಕು. ಹಿಟ್ಟು ಬೀಸಲು ದಣಿಯ ಗಿರಣಿಗೇ ಹೋಗಬೇಕು. ಮಗಳ ಮದುವೆಗೆ ದಣಿಗೆ ದುಡ್ಡು ಕಟ್ಟಬೇಕು. ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿದ್ದ ಒಳ್ಳೆಯ ದನ ದಣಿಯ ಪಾಲು. ಊರು ಬಿಟ್ಟು ಹೋಗುವ ಹಾಗಿಲ್ಲ. ಹೋದರೆ ಯಾವುದಾದರೂ ಪೇಟೆ ಸೇರಿ ಒಂದು ವರ್ಷ ಒಂದು ದಿನ ಸಿಕ್ಕಿಬೀಳದೆ ಇರಬೇಕು, ಆಮೇಲೆ ಅವನು ಸ್ವತಂತ್ರ.

ಯಾಕಿಷ್ಟು ಕಟ್ಟಿಹಾಕುತ್ತಿದ್ದರು? ನೆಲ ಬೇಕಾದಷ್ಟು ಇತ್ತು, ಕೈಗಳು ಕಡಿಮೆ ಇದ್ದವು. 1348ರಲ್ಲಿ ಇಂಗ್ಲೆಂಡಿಗೆ ಪ್ಲೇಗು ಬಂದು ಊರೂರೇ ಬರಿದಾದಾಗ ಇದು ಬಯಲಾಯಿತು. ಬದುಕುಳಿದ ಕೂಲಿಯವರು ಜಾಸ್ತಿ ಕೇಳಿದರು. ಸರ್ಕಾರ ಏನು ಮಾಡಿತು ಗೊತ್ತಾ? 1351ರಲ್ಲಿ ಕಾನೂನು ತಂದು, ಪ್ಲೇಗಿಗೆ ಮುಂಚೆ ಎಷ್ಟಿತ್ತೋ ಅಷ್ಟೇ ಕೂಲಿ ಅಂದಿತು. 1381ರಲ್ಲಿ ರೈತರು ದಂಗೆ ಎದ್ದರು.

ನಮ್ಮ ಕಡೆಯೂ ನೆಲ ಜಾಸ್ತಿ, ಕೈ ಕಡಿಮೆ. ಆದರೆ ದಾರಿ ಬೇರೆ ಹಿಡಿದರು. ದುರ್ಗದ ಸುತ್ತ ಮಳೆ ನಂಬುವ ಹಾಗಿಲ್ಲ. ಪಾಳೆಗಾರ ಜಾಸ್ತಿ ಹಿಂಡಿದರೆ ರೈತ ರಾತ್ರೋರಾತ್ರಿ ಎತ್ತು ಹೊಡೆದುಕೊಂಡು ಪಕ್ಕದ ಪಾಳೆಪಟ್ಟಿಗೆ ಹೋಗಿಬಿಡುತ್ತಿದ್ದ. ಗುಳೆ ಅನ್ನುವ ಪದ ಇವತ್ತಿಗೂ ನಮ್ಮ ಬಾಯಲ್ಲಿದೆಯಲ್ಲ. ಅದಕ್ಕೇ ಬೀಳು ನೆಲ ಒಡೆದು ಸಾಗುವಳಿಗೆ ತಂದರೆ ಮೊದಲ ಕೆಲವು ವರ್ಷ ಕಂದಾಯ ಕಡಿಮೆ, ಆಮೇಲೆ ಮೆಲ್ಲಗೆ ಏರಿಸುತ್ತೇವೆ ಎಂದು ಕೌಲು ಬರೆದುಕೊಟ್ಟು ರೈತರನ್ನು ಕರೆಯುತ್ತಿದ್ದರು. ಅಲ್ಲಿ ಕಟ್ಟಿಹಾಕಿದರು, ಇಲ್ಲಿ ಪುಸಲಾಯಿಸಿದರು. ಎರಡನೆಯ ವ್ಯತ್ಯಾಸ, ಇಲ್ಲಿನ ನಾಯಕ ಹೆಚ್ಚಾಗಿ ರೈತನ ಬೆಳೆಯಲ್ಲಿ ಪಾಲು ಎತ್ತುತ್ತಿದ್ದನೇ ಹೊರತು, ಇಂಗ್ಲೆಂಡಿನ ದಣಿಯ ಹಾಗೆ ವಾರಕ್ಕೆ ಮೂರು ದಿನ ತನ್ನ ಹೊಲಕ್ಕೆ ಎಳೆಯುತ್ತಿರಲಿಲ್ಲ.

ಆದರೆ ಇದನ್ನು ಓದಿ 'ನಮ್ಮದು ಒಳ್ಳೆಯದು' ಅಂತ ಬರೆದುಬಿಡಬೇಡ. ಎತ್ತು, ನೇಗಿಲು ಇದ್ದ ರೈತ ಓಡಿಹೋಗಬಲ್ಲವನಾಗಿದ್ದ. ಅವನ ಕೆಳಗಿನ ಆಳು? ಅವನು ಸಾಲದಲ್ಲಿ, ಜಾತಿಯಲ್ಲಿ, ಹಟ್ಟಿಯಲ್ಲಿ ಕಟ್ಟಿಬಿದ್ದಿದ್ದ. ಸರ್ಫ್, ಅಂದ್ರೆ ಯೂರೋಪಿನ ಆ ಕಟ್ಟಿಬಿದ್ದ ರೈತನಂಥವನು, ನಮ್ಮಲ್ಲಿ ಯಾರು ಎಂದು ಹುಡುಕುವುದಾದರೆ ಗೌಡರ ಮನೆಯ ಹಿತ್ತಿಲಿಗೆ ಹೋಗಿ ಹುಡುಕಬೇಕು.

ಪರೀಕ್ಷೆಗೆ ಹೆಸರು ಬೇಕಾದರೆ, ಭಾರತದಲ್ಲೂ ಊಳಿಗಮಾನ್ಯ ಇತ್ತು ಎಂದು ವಾದಿಸಿದವರಲ್ಲಿ ಡಿ.ಡಿ. ಕೋಸಾಂಬಿ, ಆರ್.ಎಸ್. ಶರ್ಮಾ ಮುಖ್ಯರು. ಇಲ್ಲಿನ ರೈತನಿಗೆ ತನ್ನ ಬೇಸಾಯದ ಮೇಲೆ ಹಿಡಿತವಿತ್ತು, ಆದ್ದರಿಂದ ಅದೇ ಹೆಸರು ಸಲ್ಲದು ಎಂದವರು ಹರ್ಬನ್ಸ್ ಮುಖಿಯಾ.

ಉಂಬಳಿ, ಕೊಡಗೆ, ಜೋಡಿ, ಸರ್ವಮಾನ್ಯ... ತಲೆ ಕೆಡುತ್ತೆ. ಎಲ್ಲಾ ಒಂದೇನಾ?
— ಓದುಗರು, ಹಿರಿಯೂರು

ಒಂದೇ ಗಿಡದ ಬೇರೆ ಬೇರೆ ಕೊಂಬೆ. ಉಂಬಳಿ ಅಂದ್ರೆ ಉಣ್ಣುವುದಕ್ಕೆ ಬಿಟ್ಟದ್ದು. ಕೊಡಗೆ ಅಂದ್ರೆ ಕೊಡುಗೆ. ಸರ್ವಮಾನ್ಯಕ್ಕೆ ಪೂರ್ತಿ ಕಂದಾಯ ಮಾಫಿ. ಜೋಡಿ ಅಂದ್ರೆ ಪೂರ್ತಿ ಮಾಫಿ ಅಲ್ಲ, ಹಗುರ ಕಂದಾಯ. ಅಂಥ ಊರು ಹಿಡಿದವನು ಜೋಡಿದಾರ. ದೇವರಿಗೆ ಬಿಟ್ಟರೆ ದೇವದಾಯ, ಬ್ರಾಹ್ಮಣರಿಗೆ ಬಿಟ್ಟರೆ ಬ್ರಹ್ಮದಾಯ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಬಿಟ್ಟದ್ದು ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ, ಅದರ ಏರಿ ನೋಡಿಕೊಳ್ಳುವವನಿಗೆ ಬಿಟ್ಟದ್ದು ಕಟ್ಟುಗೊಡಗೆ. ನಮ್ಮಂಥ ಒಣ ಸೀಮೆಯಲ್ಲಿ ಈ ಕೊನೆಯದರ ಬೆಲೆ ದೊಡ್ಡದು. ಕೆರೆ ಇದ್ದರೆ ತಾನೇ ಗದ್ದೆ. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಬರೆಸಿದ ಕಲ್ಲು ಕೂಡ ಕೆರೆಯ ಸುದ್ದಿಯನ್ನೇ ಹೇಳುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಇವೆಲ್ಲ ಬಿಟ್ಟುಕೊಟ್ಟದ್ದು ಬಹುಮಟ್ಟಿಗೆ ಹೊಲವನ್ನಲ್ಲ, ಹೊಲದ ಕಂದಾಯವನ್ನು. ಉಳುವವನು ಅವನೇ. ನಿನ್ನೆಯವರೆಗೆ ನಾಯಕನಿಗೆ ಅಳೆಯುತ್ತಿದ್ದವನು ಇವತ್ತಿನಿಂದ ಮಠಕ್ಕೋ ಜೋಡಿದಾರನಿಗೋ ಅಳೆಯಬೇಕು, ಅಷ್ಟೇ.

ಆಯ ಅಂದ್ರೆ ಏನು ಮೇಷ್ಟ್ರೇ? ನಮ್ಮಜ್ಜಿ 'ಆಯದ ಕಾಳು' ಅಂತಿರ್ತಾರೆ.
— ಓದುಗರು, ಜಗಳೂರು

ಇದನ್ನು ಕೇಳಲಿ ಅಂತಲೇ ಕಾಯುತ್ತಿದ್ದೆ. ಆಗಿನ ವ್ಯವಸ್ಥೆ ಪೂರ್ತಿ ಅರ್ಥವಾಗಬೇಕಾದರೆ ಅರಮನೆ ನೋಡಬಾರದು, ಕಣ ನೋಡಬೇಕು.

ಊರಿಗೆ ಹನ್ನೆರಡು ಆಯಗಾರರು ಎಂದು ಲೆಕ್ಕ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಹಜಾಮ, ಹೀಗೆ. ಊರೂರಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಇವರು ವರ್ಷವಿಡೀ ಊರಿನ ಕೆಲಸ ಮಾಡುತ್ತಾರೆ, ದಿನಗೂಲಿ ಇಲ್ಲ. ಕಮ್ಮಾರ ಕುಳ ಬಡಿದುಕೊಟ್ಟರೆ ದುಡ್ಡು ಕೇಳುವುದಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬರುತ್ತಾನೆ. ರಾಶಿಯಿಂದ ಅವನಿಗೆ ಇಷ್ಟು ಎಂದು ಮೊದಲೇ ಗೊತ್ತಾದ ಪಾಲು, ಅದೇ ಆಯ. ಇವರಲ್ಲಿ ಕೆಲವರಿಗೆ ಜೊತೆಗೆ ತುಂಡು ಹೊಲವೂ ಮಾನ್ಯವಾಗಿ ಇರುತ್ತಿತ್ತು.

1800–01ರಲ್ಲಿ ಕಂಪನಿಯವರ ಪರವಾಗಿ ಮೈಸೂರು ಸೀಮೆಯಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಂಥ ರಾಶಿ ಹಂಚುವುದನ್ನು ಕಾಳು ಕಾಳು ಲೆಕ್ಕ ಹಾಕಿ ಬರೆದುಕೊಂಡಿದ್ದ. ದೇವರಿಗೆ, ಜೋಯಿಸರಿಗೆ, ಹಜಾಮನಿಗೆ, ಕುಂಬಾರನಿಗೆ, ಅಗಸನಿಗೆ, ಅಳೆಯುವವನಿಗೆ, ಗೌಡನಿಗೆ, ಶಾನುಭೋಗನಿಗೆ. ಇವೆಲ್ಲ ತೆಗೆದ ಮೇಲೆ ಉಳಿದದ್ದರಲ್ಲಿ ಸರ್ಕಾರಕ್ಕೂ ರೈತನಿಗೂ ಪಾಲು. ಹೀಗೆ ರಾಶಿಯನ್ನೇ ಪಾಲು ಮಾಡುವುದಕ್ಕೆ ಬಟಾಯಿ ಎನ್ನುತ್ತಿದ್ದರು. ಕೇಳಲು ನ್ಯಾಯವಾಗಿದೆ. ಬೆಳೆ ಹೋದರೆ ಇಬ್ಬರಿಗೂ ಹೋಯ್ತು, ಬಂದರೆ ಇಬ್ಬರಿಗೂ ಬಂತು. ಆದರೆ ಸರ್ಕಾರದ ಮನುಷ್ಯ ಬಂದು ನೋಡುವ ತನಕ ರಾಶಿ ಮುಟ್ಟುವಂತಿಲ್ಲ. ಕದಿಯದ ಹಾಗೆ ಮುದ್ರೆ ಒತ್ತಿ ಹೋಗುತ್ತಿದ್ದರು. ಅವನು ಬರುವುದು ತಡವಾಯಿತು, ಮೇಲೆ ಮೋಡ ಕಟ್ಟಿತು ಅಂದರೆ ರೈತನ ಹೊಟ್ಟೆಯಲ್ಲಿ ಏನಾಗುತ್ತಿತ್ತೋ ಊಹಿಸಿ. ಅವನನ್ನು ಬೇಗ ಬರಿಸಲು ಬೇರೆ ಕೊಡಬೇಕಿತ್ತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಗೆ ಹೋದ ಮೇಲೆ ಬಟಾಯಿ ಹೋಗುತ್ತಾ ಬಂದು ದುಡ್ಡಿನ ಕಂದಾಯ ಬಂತು. ಮೋಡಕ್ಕೆ ಹೆದರುವುದು ತಪ್ಪಿತು, ಸಾಹುಕಾರನಿಗೆ ಹೆದರುವುದು ಶುರುವಾಯಿತು. ಮಳೆ ಬರಲಿ ಬಿಡಲಿ ದುಡ್ಡು ಕಟ್ಟಬೇಕಲ್ಲ.

ಬಟಾಯಿ ಹೋದರೂ ಆಯ ಉಳಿದಿತ್ತು. 1960ರ ಆಸುಪಾಸಿನಲ್ಲಿ ನಾನು ಚಡ್ಡಿ ಹಾಕಿಕೊಂಡು ನಮ್ಮಜ್ಜನ ಕಣದಲ್ಲಿ ಓಡಾಡುತ್ತಿದ್ದವನು. ನೆಲ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿ ಸಾರಿಸಿದ ಕಣ. ನಡುವೆ ಮೇಟಿ. ಹಗಲೆಲ್ಲ ಎತ್ತು ಕಟ್ಟಿ ಹಂತಿ ಹೊಡೆದು, ಸಂಜೆ ಗಾಳಿ ಎದ್ದಾಗ ತೂರಿ, ಬಿಳಿ ಜೋಳದ ರಾಶಿ ಮಾಡಿದರೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅಳೆಯುವಾಗ ಯಾರೂ ಜೋರಾಗಿ ಮಾತಾಡಬಾರದು. ಅಜ್ಜ ಮೊದಲ ಕೊಳಗಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ಲಾಭ, ಎರಡು, ಮೂರು... ಸುತ್ತ ಆಯದವರು ಗೋಣಿ, ಮೊರ ಹಿಡಿದು ಕೂತಿರುತ್ತಿದ್ದರು. ಬಡಗಿಗೆ ಇಷ್ಟು, ಕಮ್ಮಾರನಿಗೆ ಇಷ್ಟು. ಸ್ವಲ್ಪ ಕೊಸರಾಟ, ಸ್ವಲ್ಪ ನಗು.

ಅವರೆಲ್ಲರಿಂದ ಆಚೆ, ಕಣದ ಅಂಚಿನಲ್ಲಿ, ನಮ್ಮ ಹೊಲದಲ್ಲಿ ವರ್ಷವಿಡೀ ಗೇಯ್ದವನು ಕೂತಿರುತ್ತಿದ್ದ. ಬಿತ್ತಿದ್ದು ಅವನು, ಕುಂಟೆ ಹೊಡೆದದ್ದು ಅವನು, ರಾತ್ರಿ ಕಾವಲು ಕೂತದ್ದೂ ಅವನೇ. ರಾಶಿ ಎಲ್ಲ ಎತ್ತಿ ಚೀಲ ಹೊಲಿದಾದ ಮೇಲೆ ಕಣದ ಅಡಿಯಲ್ಲಿ ಮಣ್ಣು, ಸಗಣಿ ಚೂರು ಬೆರೆತ ಕಾಳು ಉಳಿಯುತ್ತದಲ್ಲ, ಅದನ್ನು ಗುಡಿಸಿ ಅವನ ಹೆಂಡತಿಯ ಸೆರಗಿಗೆ ಮೇಲಿಂದ ಸುರಿಯುತ್ತಿದ್ದರು. ಆಕೆ ಅದನ್ನು ಮನೆಗೊಯ್ದು ನೀರಲ್ಲಿ ಜಾಲಿಸಿ, ಮಣ್ಣು ತೆಗೆದು, ಒಣಗಿಸಿ ಬೀಸಬೇಕು. ವರ್ಷದ ಲೆಕ್ಕದ ಕಾಳು ಬೇರೆ ಕೊಡುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಕಣದಲ್ಲಿ ಅವರ ಕೈಗೆ ಬಂದದ್ದು ಅಡಿಯ ಕಾಳು. ಆ ವಯಸ್ಸಿಗೆ ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ನಮ್ಮಜ್ಜ ಒಳ್ಳೆಯವನು ಎಂದು ಊರೆಲ್ಲ ಹೇಳುತ್ತಿತ್ತು, ಈಗಲೂ ಹೇಳುತ್ತಾರೆ.

ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಮಾತು ಎಂದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ: "ಮಾಡಿದಷ್ಟು ನೀಡು ಭಿಕ್ಷೆ". ಕೆಲಸ ಮಾಡಿದಷ್ಟಕ್ಕೆ ಕೂಲಿ ಕೊಡು. ಆ ಮಾತು ಈ ನೆಲದಲ್ಲೇ ಯಾಕೆ ಹುಟ್ಟಿತು ಎಂದು ಕಣ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

'ಬಿಟ್ಟಿ' ಅಂದ್ರೆ ಫ್ರೀ ಅಂತ ತಾನೇ? ನಮ್ಮ ಮಾವ ಅದು ಕೆಟ್ಟ ಪದ ಅಂತಾರೆ.
— ಓದುಗರು, ಹರಿಹರ

ನಿಮ್ಮ ಮಾವನವರು ಹೇಳಿದ್ದು ಸರಿ. ಬಿಟ್ಟಿ ಅಂದ್ರೆ ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಚಾಕರಿ, ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೋಟೆಗೆ ಕಲ್ಲು ಹೊರುವುದು, ಅಧಿಕಾರಿ ಬಂದರೆ ಸಾಮಾನು ಹೊರುವುದು. ಮಾಡಿಸಿಕೊಂಡವನಿಗೆ ಅದು ಪುಕ್ಕಟೆ, ಹಾಗಾಗಿ ಅರ್ಥ ತಿರುಗಿತು.

ಜೀತ ಇನ್ನೂ ವಿಚಿತ್ರ. ಅದರ ಮೂಲ ಜೀವಿತ. ಹಳೆಯ ಶಾಸನಗಳಲ್ಲಿ ವೀರನಿಗೆ ಬದುಕಲೆಂದು ಬಿಟ್ಟುಕೊಟ್ಟದ್ದಕ್ಕೆ ಜೀವಿತ ಎನ್ನುತ್ತಿದ್ದರು, ಮರ್ಯಾದೆಯ ಪದ. ಅದು ಇಳಿಯುತ್ತಾ ಇಳಿಯುತ್ತಾ ಸಂಬಳ ಆಗಿ, ಕೊನೆಗೆ ಸಾಲಕ್ಕೆ ಮನುಷ್ಯನನ್ನೇ ಇಟ್ಟುಕೊಳ್ಳುವುದಕ್ಕೆ ಹೆಸರಾಯಿತು. ಅಪ್ಪನ ಸಾಲಕ್ಕೆ ಮಗ. ಕಾನೂನಿನಲ್ಲಿ ಅದು ನಿಂತದ್ದು 1976ರಲ್ಲಿ. ಅದೇ ರೀತಿ 'ಜೋಳವಾಳಿ' ಅಂತ ಒಂದಿತ್ತು. ದಣಿಯ ಜೋಳ ಉಂಡವನು ದಣಿಗಾಗಿ ಸಾಯಬೇಕು ಅನ್ನುವ ಕಟ್ಟು. ವೀರಗಲ್ಲುಗಳಲ್ಲಿ ನಿಂತಿರುವವರಲ್ಲಿ ಎಷ್ಟೋ ಜನ ಆ ಜೋಳದ ಲೆಕ್ಕ ತೀರಿಸಿದವರು. ಆ ಜೋಳ ಬೆಳೆದವನಿಗೆ ಕಲ್ಲು ನೆಟ್ಟಿದ್ದು ನಾನು ಕಂಡಿಲ್ಲ.

ದಾವಣಗೆರೆಯೂ ಯಾರದೋ ಜಹಗೀರಾಗಿತ್ತಂತೆ, ನಿಜವೇ?
— ಓದುಗರು, ದಾವಣಗೆರೆ

ನಿಜ. ಹೈದರಾಲಿ ಇದನ್ನು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟಿದ್ದ. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ವಾರಸುದಾರರಿಲ್ಲದೆ ತೀರಿಕೊಂಡ, ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. 1779ರಲ್ಲಿ ದುರ್ಗ ಬಿದ್ದು ಮದಕರಿ ನಾಯಕ ಸೆರೆಯಾದಾಗ ಅಲ್ಲಿನ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಒಂದು ಕಡೆ ಪೇಟೆಗೆ ಜನ ಬಂದರು, ಇನ್ನೊಂದು ಕಡೆ ಹೊಲ ಬಿಟ್ಟು ಜನ ಹೋದರು. ಟಿಪ್ಪು ಬಂದಮೇಲೆ ಪಾಳೆಗಾರರ ಜಾಗದಲ್ಲಿ ಸಂಬಳದ ಅಧಿಕಾರಿಗಳನ್ನು ಕೂರಿಸಲು ನೋಡಿದ.

ನಮ್ಮ ಹಳೆಯ ಪಹಣಿಯಲ್ಲಿ 'ತಳವಾರಿ ಇನಾಂ' ಅಂತಿದೆ. ಮಾರಲು ಹೋದರೆ ತಕರಾರು ಬರುತ್ತಾ?
— ಓದುಗರು, ಚಳ್ಳಕೆರೆ

ಬರಬಹುದು, ಹುಷಾರು. ಊರ ತಳವಾರಿಕೆ ಮಾಡುವವರಿಗೆ ಆ ಕೆಲಸಕ್ಕಾಗಿ ಬಿಟ್ಟ ಹೊಲ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು, 1963ರಲ್ಲಿ ಜಾರಿಯಾಗಿ, ಹುದ್ದೆಯೂ ಹೋಯಿತು, ಹೊಲ ಸರ್ಕಾರಕ್ಕೆ ಸೇರಿತು. ಆಮೇಲೆ ಹುದ್ದೆ ಮಾಡುತ್ತಿದ್ದವರ ಮನೆಯವರಿಗೇ ಅದನ್ನು ತಿರುಗಿ ಮಂಜೂರು ಮಾಡಿದರು, ಇದನ್ನೇ ಜನ ರೀಗ್ರಾಂಟ್ ಅನ್ನುವುದು. ನಿಮ್ಮ ಮನೆಯಲ್ಲಿ ಆ ರೀಗ್ರಾಂಟ್ ಆದೇಶದ ಪ್ರತಿ ಇದೆಯಾ ನೋಡಿ, ಅದರ ಷರತ್ತು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಬಾರದು ಎನ್ನುವ 1978ರ ಪಿಟಿಸಿಎಲ್ ಕಾಯ್ದೆ ಬೇರೆ ಇದೆ, ಆದರೆ ವಂಶಪಾರಂಪರ್ಯ ಹುದ್ದೆಯ ಇನಾಂ ರದ್ದಾಗಿ ರೀಗ್ರಾಂಟ್ ಆದ ಹೊಲ ಅದರಡಿ ಬರುವುದಿಲ್ಲ. ದಲ್ಲಾಳಿ ಮಾತು ಕೇಳಿ ಮುಂಗಡ ಹಿಡಿಯಬೇಡಿ. ಮೊದಲು ತಾಲ್ಲೂಕು ಕಚೇರಿಯಲ್ಲಿ ಹಳೆಯ ದಾಖಲೆ ತೆಗೆಸಿ, ಆಮೇಲೆ ವಕೀಲರ ಹತ್ತಿರ ಹೋಗಿ.

ಉಳುವವನೇ ಹೊಲದೊಡೆಯ ಅಂತ ಆಗಿ 50 ವರ್ಷ ಆಯ್ತು. ನಾನು ಬೇರೆಯವರ ಹೊಲ ಕೋರಿಗೆ, ಅಂದ್ರೆ ಬೆಳೆಯಲ್ಲಿ ಪಾಲಿಗೆ, ಮಾಡ್ತೀನಿ. ಹೋದ ಸಲ ಬೆಳೆ ಹೋಯ್ತು, ಪರಿಹಾರ ಹೊಲದವರ ಖಾತೆಗೆ ಬಂತು. ಕೇಳಿದ್ದಕ್ಕೆ ಪಹಣಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಅಂದರು. ನನ್ನ ಹೆಸರು ಹಾಕಬೇಡಿ.

ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನೆ ಇಟ್ಟುಕೊಂಡಿದ್ದೆ.

ಕಾನೂನಿನ ಮಾತು ಹೀಗಿದೆ. 1951ರ ಏಪ್ರಿಲ್‌ನಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಕಿಡಿ ಹತ್ತಿದ್ದು ಕೊಳಗದಿಂದ. ಗೇಣಿ ಅಳೆಸಿಕೊಳ್ಳಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದಿತ್ತು. ನೋಡಿ, ಅಲ್ಲೂ ಜಗಳ ರಾಶಿಯ ಮುಂದೆಯೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1954, 1955ರಲ್ಲಿ ಇನಾಂಗಳ ರದ್ದತಿ ಕಾಯ್ದೆಗಳು, 1961ರಲ್ಲಿ ಭೂಸುಧಾರಣೆ ಕಾಯ್ದೆ ಬಂದವು. ಭೂಸುಧಾರಣೆ ಜಾರಿಯಾದದ್ದು 1965ರಲ್ಲಿ. ಕಾಯ್ದೆ ಬರುತ್ತದೆ ಅಂತ ಗೊತ್ತಾಗಿ ಅದು ಜಾರಿಯಾಗುವ ನಡುವೆ ಎಷ್ಟೋ ಒಡೆಯರು ಗೇಣಿದಾರರನ್ನು ಬಿಡಿಸಿಬಿಟ್ಟರು. ಗಟ್ಟಿಯಾದದ್ದು ದೇವರಾಜ ಅರಸು ಕಾಲದ ತಿದ್ದುಪಡಿ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಹೊಲವೆಲ್ಲ ಸರ್ಕಾರದ್ದಾಯಿತು, ಗೇಣಿದಾರ ಫಾರಂ 7 ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ತಾನೇ ಉಳುತ್ತಿದ್ದೆ ಎಂದು ತೋರಿಸಿದರೆ ಅವನದಾಗುತ್ತಿತ್ತು. ಅರ್ಜಿಗೆ 1979ರ ಜೂನ್ 30ರವರೆಗೂ ಗಡುವು ಮುಂದೆ ಹೋಯಿತು. ಕರಾವಳಿ, ಮಲೆನಾಡಿನಲ್ಲಿ ಇದರಿಂದ ಬದುಕೇ ಬದಲಾದವರು ಬಹಳ. ಗೇಣಿ ಜಾಸ್ತಿ ಇದ್ದದ್ದೂ ಅಲ್ಲೇ. ನಮ್ಮ ಬಯಲುಸೀಮೆಯಲ್ಲಿ ಗೇಣಿಗಿಂತ ಆಳು, ಜೀತ ಹೆಚ್ಚು. ಆಳಿಗೆ ಫಾರಂ 7 ಇರಲಿಲ್ಲ. ನಮ್ಮ ಕಣದ ಅಂಚಿನಲ್ಲಿ ಕೂರುತ್ತಿದ್ದವನು ಗೇಣಿದಾರನಲ್ಲ, ಹಾಗಾಗಿ ಅವನಿಗೆ ಏನೂ ಬರಲಿಲ್ಲ.

ಅದೇ ಕಾಯ್ದೆ ಇನ್ನು ಮುಂದೆ ಹೊಲ ಗೇಣಿಗೆ ಕೊಡಬಾರದು ಎಂದೂ ಹೇಳಿತು. ಸೈನಿಕರು, ಹಡಗಿನಲ್ಲಿ ದುಡಿಯುವವರಿಗೆ ಮಾತ್ರ ವಿನಾಯಿತಿ. ಉದ್ದೇಶ ಒಳ್ಳೆಯದೇ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಭದ್ರಾ ಕಾಲುವೆ ಬಂದ ಮೇಲೆ ದಾವಣಗೆರೆ ಸುತ್ತ ಗದ್ದೆಯ ಬೆಲೆ ಏರಿತು. ಒಡೆಯರ ಮಕ್ಕಳು ಬೆಂಗಳೂರಿಗೋ ದಾವಣಗೆರೆ ಪೇಟೆಗೋ ಹೋದರು. ಹೊಲ ಕೋರಿಗೋ, ಎಕರೆಗೆ ಇಷ್ಟು ಚೀಲ ಭತ್ತ ಎಂದು ಗುತ್ತಿಗೆಗೋ ಹೋಯಿತು. ಕಾಗದ ಬರೆದರೆ ಕಾನೂನಿಗೆ ವಿರುದ್ಧ, ಹಾಗಾಗಿ ಕಾಗದವಿಲ್ಲ. ಕಾಗದವಿಲ್ಲದ್ದಕ್ಕೆ ಬ್ಯಾಂಕಿನ ಬೆಳೆಸಾಲವಿಲ್ಲ, ಪರಿಹಾರವಿಲ್ಲ. ಎರಡು ಮೂರು ವರ್ಷಕ್ಕೆ ಒಮ್ಮೆ ಉಳುವವನನ್ನು ಬದಲಾಯಿಸುವವರೂ ಇದ್ದಾರೆ, ಒಬ್ಬನೇ ಬಹಳ ದಿನ ಇದ್ದರೆ ಹಕ್ಕು ಕೇಳಿಬಿಟ್ಟಾನು ಎಂಬ ಭಯ. ಬಟಾಯಿ ಕಾಲದಲ್ಲಿ ಬೆಳೆ ಹೋದರೆ ಪಾಲು ಕೇಳುವವನಿಗೂ ಹೋಗುತ್ತಿತ್ತು. ನಿಮ್ಮದರಲ್ಲಿ ಬೆಳೆ ಹೋದದ್ದು ನಿಮಗೆ, ಪರಿಹಾರ ಬಂದದ್ದು ಅವರಿಗೆ.

ಇದ್ದುದರಲ್ಲಿ ಒಂದು ಕೆಲಸ ಮಾಡಿ. ಬೀಜ, ಗೊಬ್ಬರದ ರಸೀದಿಗಳನ್ನು ನಿಮ್ಮ ಹೆಸರಿನಲ್ಲೇ ಬರೆಸಿ ಇಟ್ಟುಕೊಳ್ಳಿ. ಈ ಸಲ ಕೋರು ಮಾತಾಡುವಾಗ, ಬಿತ್ತುವ ಮುಂಚೆಯೇ, ಪರಿಹಾರ ಬಂದರೆ ಯಾರಿಗೆ ಎಷ್ಟು ಎಂದು ಇಬ್ಬರು ಹಿರಿಯರ ಮುಂದೆ ಆಡಿಬಿಡಿ. ಬೆಳೆ ಹೋದ ಮೇಲೆ ಆ ಮಾತು ಎತ್ತಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ನಿಮ್ಮ ಹೆಸರು ಹಾಕಿಲ್ಲ. ಊರನ್ನೂ ಬಿಟ್ಟಿದ್ದೇನೆ.